ಓಂ ಬಿಟ್ಟು ಹೇಳಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನನ್ನ ಗಂಡ ಮದುವೆಯಾದ ಹೊಸತರಲ್ಲೇ ಕಂಡುಕೊಂಡರು. ಇಂಥವಳು ಧ್ಯಾನಕ್ಕೆ ಕೂತದ್ದೇ ಒಂದು ತಮಾಷೆ ಎಂದು ಮನೆಗೆ ಬಂದವರ ಮುಂದೆ ಈಗಲೂ ಹೇಳಿ ನಗುತ್ತಾರೆ. ನಗಲಿ. ಧ್ಯಾನ ಮಾಡುವವರು ಮೆತ್ತಗೆ ಮಾತಾಡಬೇಕು, ಯಾರು ಏನಂದರೂ ಮುಗುಳ್ನಗಬೇಕು ಎಂದು ಯಾವ ಪುಣ್ಯಾತ್ಮ ನಿಯಮ ಮಾಡಿದನೋ ಗೊತ್ತಿಲ್ಲ. ನನ್ನ ಜಪ ಬೆಳೆದದ್ದು ಕೋಪದ ಜೊತೆಯಲ್ಲೇ. ಎರಡಕ್ಕೂ ಇದುವರೆಗೆ ಜಗಳವಾಗಿಲ್ಲ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ತಿಪಟೂರಿನ ಕಡೆಯವರು. ಅಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ಬನಶಂಕರಿಯಲ್ಲಿ ನೆಲೆನಿಂತರು. ನಮ್ಮಲ್ಲಿ ದೀಕ್ಷೆ ಗಂಡುಮಕ್ಕಳಿಗೆ ಮಾತ್ರ ಎಂಬುದಿಲ್ಲ. ಅಣ್ಣನನ್ನೂ ನನ್ನನ್ನೂ ಒಂದೇ ದಿನ ಅಕ್ಕಪಕ್ಕದ ಮಣೆಗಳ ಮೇಲೆ ಕೂರಿಸಿ, ಸ್ವಾಮಿಗಳು ಹಣೆಗೆ ವಿಭೂತಿ ಹಚ್ಚಿ, ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟು, ಬಲಗಿವಿಯಲ್ಲಿ ಮಂತ್ರ ಹೇಳಿದರು. ಓಂ ನಮಃ ಶಿವಾಯ. ಆಮೇಲೆ ನಾವಿಬ್ಬರೂ ಹಿತ್ತಲಿಗೆ ಹೋಗಿ, ನಿನಗೇನು ಹೇಳಿದರು, ನನಗೇನು ಹೇಳಿದರು ಎಂದು ಹೋಲಿಸಿ ನೋಡಿದೆವು. ಯಾರಿಗೂ ಹೇಳಬಾರದು ಎಂದು ಕಟ್ಟಪ್ಪಣೆಯಾಗಿತ್ತು, ಆದರೂ ನನಗೆ ಅನುಮಾನ. ಹಬ್ಬದ ದಿನ ಹೋಳಿಗೆ ಹಂಚುವಾಗಲೂ ಅವನ ಎಲೆಗೆ ಒಂದು ಹೆಚ್ಚು ಬೀಳುತ್ತಿದ್ದ ಮನೆ ಅದು. ಮಂತ್ರದಲ್ಲಿ ಮಾತ್ರ ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ನನಗೆ ಆ ಮನೆಯಲ್ಲಿ ಸರಿಸಮವಾಗಿ ಸಿಕ್ಕಿದ್ದು ಅದೊಂದೇ, ಹಾಗಾಗಿ ಅದನ್ನು ಭದ್ರವಾಗಿ ಹಿಡಿದುಕೊಂಡೆ.

ಅಮ್ಮ ಬೆಳಗ್ಗೆ ಲಿಂಗಪೂಜೆ ಮುಗಿಸದೆ ಕಾಫಿ ಮುಟ್ಟುತ್ತಿರಲಿಲ್ಲ. ಪೂಜೆಗೆ ಕೂತಾಗ ಮಾತಾಡುತ್ತಲೂ ಇರಲಿಲ್ಲ, ಆದರೆ ಮನೆಯ ಆಡಳಿತವೆಲ್ಲ ಆ ಮಂತ್ರದಲ್ಲೇ ನಡೆಯುತ್ತಿತ್ತು. ಹಾಲು ಉಕ್ಕುವ ಹಾಗಿದ್ದರೆ 'ಓಂ' ಎಳೆದು ಬರುತ್ತಿತ್ತು. ನಾವಿಬ್ಬರೂ ಕಿತ್ತಾಡಿದರೆ 'ಶಿವಾಯ' ಗುಡುಗುತ್ತಿತ್ತು. ಬಾಗಿಲಿಗೆ ಯಾರಾದರೂ ಬಂದರೆ ಅವರೂ ಅಲ್ಲೇ ನಿಂತು ಕಾಯಬೇಕು, ಅದು ಅಪ್ಪನ ಮಂಡಿಯಿಂದ ಬಂದವರಾದರೂ ಸರಿ. ಅಮ್ಮ ಬೇರೆ ಯಾವ ವಿಷಯದಲ್ಲೂ ದನಿ ಎತ್ತಿ ಮಾತಾಡಿದವರಲ್ಲ. ಅದೊಂದು ಹೊತ್ತು ಮಾತ್ರ ಆ ಮನೆಯಲ್ಲಿ ಅವರಿಗಿಂತ ದೊಡ್ಡವರು ಇರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೇಲೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂರುವಷ್ಟು ಪುರುಸೊತ್ತು ಎಲ್ಲಿ ಬಂತು. ಜಪ ಬಸ್ಸಿಗೆ ಹೋಯಿತು. ಮದುವೆಯಾಗಿ ಚಿಕ್ಕಲಸಂದ್ರಕ್ಕೆ ಬಂದಿದ್ದೆ, ಕಚೇರಿ ಮೆಜೆಸ್ಟಿಕ್ಕಿನ ಹತ್ತಿರ. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದು ಕೈಯಲ್ಲಿ ಬ್ಯಾಗು, ಬಾಯಲ್ಲಿ ಮಂತ್ರ. ಬನಶಂಕರಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತೆಂದರೆ ಬೇರೆಯವರು ಬೈಯುತ್ತಿದ್ದರು, ನಾನು ಸುಖವಾಗಿ ಉಸಿರೆಳೆಯುತ್ತಿದ್ದೆ. ಉಸಿರು ಒಳಗೆ ಹೋಗುವಾಗ ಓಂ, ಬಿಡುವಾಗ ಉಳಿದದ್ದು. ಯಾರೋ ಕಾಲು ತುಳಿದಾಗ ನಡುವೆ ಒಂದೆರಡು ಬೈಗುಳವೂ ಸೇರಿಕೊಳ್ಳುತ್ತಿತ್ತು. ಶಿವ ಅಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳುವವನಲ್ಲ.

ಐವತ್ತು ದಾಟಿದ ಮೇಲೆ ಗರ್ಭಕೋಶದಲ್ಲಿ ಗಡ್ಡೆಗಳಿವೆ ಎಂದು ಡಾಕ್ಟರು ಹೇಳಿದ್ದರಿಂದ ಗರ್ಭಕೋಶವನ್ನೇ ತೆಗೆಸಿಕೊಂಡೆ. ಕೆಲಸಕ್ಕೂ ಸ್ವಯಂನಿವೃತ್ತಿ ಬರೆದುಕೊಟ್ಟೆ. ಗಾಯ ಬೇಗ ಮಾಯಿತು. ಆದರೆ ಅದಾದ ಮೇಲೆ ಒಂದು ಭಯ ಶುರುವಾಯಿತು. ಅದು ಬರುತ್ತಿದ್ದದ್ದು ನಡುಮಧ್ಯಾಹ್ನ. ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಗಂಡ ಚೆನ್ನಮ್ಮನಕೆರೆಯ ಹತ್ತಿರ ಅವರಿಟ್ಟಿದ್ದ ಜೆರಾಕ್ಸ್ ಅಂಗಡಿಗೆ ವಾಪಸು ಹೋದ ಮೇಲೆ, ಹೊರಗೆ ಚೆನ್ನಾಗಿ ಬಿಸಿಲಿರುವಾಗ. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ತಣ್ಣಗಾಗುತ್ತಿತ್ತು, ಈಗಲೇ ಸತ್ತುಹೋಗುತ್ತೇನೆ ಎನ್ನಿಸುತ್ತಿತ್ತು. ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದೆವು. ಎಲ್ಲ ನಾರ್ಮಲ್, ಮೆಡಿಟೇಶನ್ ಮಾಡಿ ಎಂದರು ಡಾಕ್ಟರು.

ಮಗಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಾ, ನೀವು ಸಮುದ್ರದ ದಡದಲ್ಲಿ ನಿಂತಿದ್ದೀರಿ ಎಂದಳು. ನಾನು ಚಿಕ್ಕಲಸಂದ್ರದಲ್ಲಿ ಕೂತಿದ್ದೆ, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಆಫ್ ಮಾಡಿದೆ. ನನ್ನ ಮಂತ್ರ ನನಗಿರುವಾಗ ಈಕೆಯ ಸಮುದ್ರ ಯಾಕೆ ಎಂದುಕೊಂಡು ಕೊರಳಲ್ಲಿದ್ದ ಕರಡಿಗೆ ತೆರೆದು ಲಿಂಗವನ್ನು ಕೈಯಲ್ಲಿಟ್ಟುಕೊಂಡು ಕೂತೆ. ಆಗಲೇ ಗೊತ್ತಾದದ್ದು, ಖಾಲಿ ಮನೆಯಲ್ಲಿ ಒಬ್ಬಳೇ ಕೂತು ಮಂತ್ರ ಹೇಳಿದರೆ ನನಗೆ ನನ್ನ ದನಿಗೇ ಹೆದರಿಕೆಯಾಗುತ್ತದೆ ಎಂದು. ಅದಕ್ಕೆ ಜನ ಬೇಕಿತ್ತು. ಮೂವತ್ತು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ಜಪ ಮಾಡಿದವಳು ನಾನು.

ಕೆಳಗಿನ ಮನೆಯಾಕೆಗೆ ಇದು ಹೇಗೋ ತಿಳಿಯಿತು. ಅವರು ನನಗಿಂತ ಸ್ವಲ್ಪ ದೊಡ್ಡವರು, ಬಸವನಗುಡಿಯ ಹಳೇ ವೈದಿಕ ಮನೆತನದವರು, ಗಂಡ ತೀರಿಕೊಂಡ ಮೇಲೆ ನಮ್ಮ ಕಟ್ಟಡದ ಕೆಳಮನೆಗೆ ಬಂದವರು. ನಾವಿಬ್ಬರೂ ಸಾರಿನಪುಡಿ, ಹುಳಿಪುಡಿ ಅದಲುಬದಲು ಮಾಡಿಕೊಳ್ಳುವಷ್ಟು ಸ್ನೇಹಿತೆಯರು. "ಬನ್ರೀ ನನ್ ಜೊತೆ, ಪಾರ್ಕಲ್ಲಿ ಬೆಳಿಗ್ಗೆ ಧ್ಯಾನ ಹೇಳ್ಕೊಡ್ತಾರೆ. ಎಲ್ಲ ನಮ್ಮಂಥೋರೇ," ಎಂದು ಕೈಹಿಡಿದು ಕರೆದುಕೊಂಡು ಹೋದರು.

ಪಾರ್ಕಿನ ನಡುವೆ ಒಂದು ಸಿಮೆಂಟಿನ ಮಂಟಪ. ಅಲ್ಲಿ ಚಾಪೆ ಹಾಸಿಕೊಂಡು ಹದಿನೈದಿಪ್ಪತ್ತು ಜನ ಕೂರುತ್ತಿದ್ದೆವು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಹೇಳಿಕೊಡುತ್ತಿದ್ದವರು ಕಾರ್ಖಾನೆಯೊಂದರಿಂದ ನಿವೃತ್ತರಾದ ಎಂಜಿನಿಯರು, ಎಪ್ಪತ್ತರ ಆಸುಪಾಸು. ಕೆಟ್ಟ ಮನುಷ್ಯರೇನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಂದಲೂ ಏನೂ ಕೇಳುತ್ತಿರಲಿಲ್ಲ. ಮಂಟಪ ಗುಡಿಸುವವರು ಬರದಿದ್ದರೆ ತಾವೇ ಗುಡಿಸುತ್ತಿದ್ದರು. ನನಗೆ ಮೊದಲನೆಯ ವಾರ ಒಮ್ಮೆ ಅಲ್ಲೇ ಎದೆ ಹೊಡೆದುಕೊಂಡಾಗ, ಏನೂ ಕೇಳದೆ, ಎಲ್ಲರೂ ಉಸಿರು ಇನ್ನೂ ನಿಧಾನ ಮಾಡಿ ಎಂದರು. ಅಷ್ಟೂ ಜನ ನನಗೋಸ್ಕರ ನಿಧಾನವಾಗಿ ಉಸಿರಾಡಿದರು. ಆ ದಿನ ಭಯ ಬಂದ ದಾರಿಯಲ್ಲೇ ವಾಪಸು ಹೋಯಿತು. ಅದಾದ ಮೇಲೆ ಮಧ್ಯಾಹ್ನಗಳೂ ಸುಧಾರಿಸಿದವು. ಆ ಮಂಟಪದಲ್ಲಿನ ನನ್ನ ಜಾಗವನ್ನು ನಾನು ಯಾವ ಕಾರಣಕ್ಕೂ ಬಿಡಲಾರೆ ಎನ್ನುವ ಹಾಗಾಯಿತು.

ಶ್ರಾವಣದ ಮೊದಲ ಸೋಮವಾರ ಎಂಜಿನಿಯರು ಹೇಳಿದರು: "ಇಷ್ಟು ದಿನ ಬರೀ ಉಸಿರು ನೋಡ್ತಾ ಕೂತಿದ್ವಿ. ಈ ತಿಂಗಳು ಮಂತ್ರ ತಗೊಳ್ಳೋಣ. ಎಲ್ಲರೂ ಒಟ್ಟಿಗೆ, ಬಾಯ್ಬಿಟ್ಟು ಹೇಳ್ಬೇಕು. ಓಂ ನಮಃ ಶಿವಾಯ."

ನನಗಾದ ಸಂತೋಷ ಹೇಳತೀರದು. ನನ್ನ ಮಂತ್ರ ತಾನಾಗಿ ನಮ್ಮ ಬೀದಿಗೆ ಬಂದಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಲೇಡೀಸು ಓಂ ಬಿಟ್ಟು ಹೇಳಿ," ಎಂದರು ಅವರು. "ನಮಃ ಶಿವಾಯ ಅಂತ ಅಷ್ಟೇ ಸಾಕು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಪಕ್ಕದವರನ್ನು ನೋಡಿದೆ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ಮಾತನ್ನೇ ಇನ್ನೊಂದು ಸಲ ಕೇಳಿದವರ ಹಾಗೆ ಕೂತಿದ್ದರು. ನನ್ನ ಮಟ್ಟಿಗೆ ಮಾತ್ರ ಅದು ಹೊಸದು. ಬೇರೆಯವರ ಮನೆಗಳಲ್ಲಿ ಹೀಗೊಂದು ಕಟ್ಟಳೆಯಿದೆ ಎಂದು ಎಲ್ಲೋ ಕೇಳಿದ್ದೆ, ಆದರೆ ಅದು ನನ್ನ ಚಾಪೆಯವರೆಗೆ ಬಂದು ನಿಂತದ್ದು ಅದೇ ಮೊದಲು.

ಅವರು ಶುರು ಮಾಡಿದರು. ಗಂಡಸರು ಓಂ ಎಂದರು. ನಾನೂ ಓಂ ಎಂದೆ. ಹೆಂಗಸರ ಕಡೆಯಿಂದ ಬಂದ ಒಂದೇ ದನಿ, ಅಡಗಿಸಿದರೂ ಅಡಗುವಂಥದ್ದಲ್ಲ. ಅವರು ನಿಲ್ಲಿಸಿದರು.

"ಮೇಡಂ, ನಿಮಗೆ ಕೇಳಿಸ್ಲಿಲ್ಲ ಅನ್ಸತ್ತೆ. ಲೇಡೀಸು ಓಂ ಬಿಟ್ಟು."

"ಕೇಳಿಸ್ತು ಸಾರ್. ಯಾಕೆ ಬಿಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ಅದು ನಾಭಿಯಿಂದ ಏಳೋ ಶಬ್ದ. ಹೆಣ್ಮಕ್ಕಳಿಗೆ ಗರ್ಭಕೋಶಕ್ಕೆ ಹೀಟ್ ಆಗತ್ತೆ, ತೊಂದ್ರೆ ಆಗತ್ತೆ. ಹಿರಿಯರು ಸುಮ್ನೆ ಹೇಳಿಲ್ಲ."

"ನಂದು ತೆಗೆಸಿ ಆಯ್ತಲ್ಲ ಸಾರ್," ಎಂದೆ. "ಇನ್ನು ಹೀಟ್ ಆಗೋಕೆ ಒಳಗೆ ಏನಿದೆ?"

ಗಂಡಸರ ಕಡೆಯಲ್ಲಿ ಯಾರೋ ಕೆಮ್ಮಿದರು. ಹೆಂಗಸರಲ್ಲಿ ಇಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎಂಜಿನಿಯರ ಮುಖ ಕೆಂಪಾಯಿತು. ಕೆಳಗಿನ ಮನೆಯಾಕೆ ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದರೆಂದರೆ ಅದು ಮಾರನೆಯ ದಿನವೂ ನೀಲಿಯಾಗಿತ್ತು.

ವಾಪಸು ಬರುವಾಗ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ನಮ್ಮ ಗೇಟಿನ ಹತ್ತಿರ ಬಂದ ಮೇಲೆ, "ನೀವು ಎಲ್ಲರೆದುರಿಗೆ ಹಾಗನ್ಬಾರ್ದಿತ್ತು ಕಣ್ರೀ," ಎಂದರು.

"ಹೇಗನ್ಬಾರ್ದಿತ್ತು? ಓಂ ಅನ್ನೋದಾ, ಗರ್ಭಕೋಶ ಅನ್ನೋದಾ?"

"ಎರಡೂ," ಎಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆದರುಪುಕ್ಕಲಿ ಎಂದುಕೊಂಡು ನಾನು ಮೆಟ್ಟಿಲು ಹತ್ತಿದೆ.

ಗಂಡನಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಗಂಡಸರ ಕಡೆಯ ಒಬ್ಬರು ಅವರ ಅಂಗಡಿಯ ಖಾಯಂ ಗಿರಾಕಿ. "ಅಲ್ವೇ, ಮನಸ್ಸಲ್ಲೇ ಹೇಳ್ಕೊಂಡ್ರೆ ಆಗಲ್ವಾ ನಿಂಗೆ?" ಎಂದರು. "ಮನಸ್ಸಲ್ಲಿ ಮಾಡೋ ಜಪಾನೇ ಎಲ್ಲಕ್ಕಿಂತ ಶ್ರೇಷ್ಠ ಅಂತಾರೆ. ಅವರೂ ಖುಷಿ, ನೀನೂ ಖುಷಿ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರದು ಯಾವಾಗಲೂ ಇದೇ ದಾರಿ, ಅದರಿಂದ ನಮ್ಮ ಸಂಸಾರ ಎಷ್ಟೋ ಸಲ ಉಳಿದಿದೆ ಎಂಬುದೂ ಸುಳ್ಳಲ್ಲ.

ಆದರೆ ಆ ಮಾತು ನನ್ನ ಮೈ ಉರಿಸಿತು. ಮನಸ್ಸಲ್ಲೇ ಹೇಳಿಕೋ. ಹೆಂಗಸರಿಗೆ ಈ ಅಭ್ಯಾಸದಲ್ಲಿ ಏನಾದರೂ ಕೊರತೆಯಿದೆಯೇ? ಅತ್ತೆಗೆ ಹೇಳಬೇಕಾದದ್ದನ್ನು ಮನಸ್ಸಲ್ಲಿ ಹೇಳಿಕೊಂಡಿದ್ದೇವೆ. ಮೇಲಧಿಕಾರಿಗೆ ಹೇಳಬೇಕಾದದ್ದನ್ನು, ಡಾಕ್ಟರಿಗೆ ಹೇಳಬೇಕಾದದ್ದನ್ನು, ಬಸ್ಸಿನಲ್ಲಿ ಹಿಂದೆ ಒತ್ತಿಕೊಂಡು ನಿಂತವನಿಗೆ ಹೇಳಬೇಕಾದದ್ದನ್ನು ಮನಸ್ಸಲ್ಲೇ ಹೇಳಿಕೊಂಡಿದ್ದೇವೆ. ಶ್ರೇಷ್ಠವಾದ ಜಪ ಅದೇ ಆಗಿದ್ದರೆ ಈ ಊರಿನ ಹೆಂಗಸರಿಗೆಲ್ಲ ಇಷ್ಟು ಹೊತ್ತಿಗೆ ಮೋಕ್ಷ ಸಿಕ್ಕಿರಬೇಕಿತ್ತು. ಗಂಡಸರಿಗೆ ಬಾಯ್ಬಿಟ್ಟು ಹೇಳಿ ಎಂದವರು ನನಗೆ ಮಾತ್ರ ಮನಸ್ಸಿನ ದಾರಿ ತೋರಿಸಿದರೆ, ಅದು ನನಗೆ ಮಾಡಿದ ಉಪಕಾರವಲ್ಲ. ಇದನ್ನೆಲ್ಲ ನಾನು ಗಂಡನಿಗೆ ಬಾಯ್ಬಿಟ್ಟೇ ಹೇಳಿದೆ. ಅವರು ಪೇಪರ್ ಎತ್ತಿಕೊಂಡು ಬಾಲ್ಕನಿಗೆ ಹೋದರು.

ಮರುದಿನವೂ ಹೋಗಿ ಓಂ ಎಂದೆ. ಅದರ ಮರುದಿನವೂ. ಅವರು ಮತ್ತೆ ನಿಲ್ಲಿಸಿ ಹೇಳಲಿಲ್ಲ. ಬದಲಿಗೆ ವಾಟ್ಸಾಪ್ ಗುಂಪಿನಲ್ಲಿ, ಧ್ಯಾನಕ್ಕೆ ಶಿಸ್ತು ಮುಖ್ಯ, ಗುಂಪಿನಲ್ಲಿರುವವರು ಗುಂಪಿನ ಕ್ರಮಕ್ಕೆ ಹೊಂದಿಕೊಂಡರೆ ಎಲ್ಲರಿಗೂ ಕ್ಷೇಮ ಎಂದು ಹೆಸರು ಹೇಳದೆ ಬರೆದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಆಮೇಲೆ ಒಂದು ಬ್ಲೂಟೂತ್ ಸ್ಪೀಕರ್ ಬಂತು. ಅದರೊಳಗೆ ಯಾವುದೋ ಗಂಡಸು ಬಾವಿಯೊಳಗಿಂದ ಹೇಳಿದ ಹಾಗೆ ಮಂತ್ರ ಹೇಳುತ್ತಿದ್ದ. ಅದನ್ನು ಹೆಂಗಸರ ಕಡೆಗೆ ತಿರುಗಿಸಿ ಇಟ್ಟು, ಸೌಂಡು ಏರಿಸಿದರು. ನನ್ನ ದನಿ ನನಗೇ ಕೇಳಿಸದ ಹಾಗಾಯಿತು. ಅಕ್ಕಪಕ್ಕದವರ ಉಸಿರೂ ಕೇಳಿಸುತ್ತಿರಲಿಲ್ಲ. ನಾನು ಅಲ್ಲಿಗೆ ಹೋಗುತ್ತಿದ್ದದ್ದೇ ಆ ಉಸಿರುಗಳಿಗಾಗಿ.

ಸಿಟ್ಟಿನಿಂದ ನಾಲ್ಕೈದು ದಿನ ಹೋಗುವುದನ್ನು ಬಿಟ್ಟೆ. ನನ್ನ ಸಿಟ್ಟಿಗೆ ಅವರೇನೂ ಕಳೆದುಕೊಳ್ಳಲಿಲ್ಲ, ಕಳೆದುಕೊಂಡವಳು ನಾನು. ಮಧ್ಯಾಹ್ನದ ಭಯ ಮತ್ತೆ ಬಂತು.

ಅಂಥದ್ದೇ ಒಂದು ಮಧ್ಯಾಹ್ನ ಕೆಳಗಿನ ಮನೆಯಾಕೆ ಹುಳಿಪುಡಿ ಡಬ್ಬಿ ಹಿಡಿದುಕೊಂಡು ಮೇಲೆ ಬಂದರು. ಅಷ್ಟು ದಿನ ಮುಖ ಕೊಟ್ಟು ಮಾತಾಡದಿದ್ದವರು. ಬಾಗಿಲು ತೆಗೆದಾಗ ನನ್ನ ಅವಸ್ಥೆ ನೋಡಿ ಡಬ್ಬಿಯನ್ನು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ನನ್ನನ್ನು ಸೋಫಾದಲ್ಲಿ ಕೂರಿಸಿ, ಎರಡೂ ಕೈ ಹಿಡಿದುಕೊಂಡರು.

"ನಿಮ್ ಮಂತ್ರ ಹೇಳ್ಕೊಳ್ಳಿ," ಎಂದರು.

"ಒಬ್ಬಳಿಗೇ ಆಗಲ್ಲ. ನೀವೂ ಹೇಳಿ."

ನಾನು ಓಂ ನಮಃ ಶಿವಾಯ ಎಂದೆ. ಅವರು ಒಂದು ಕ್ಷಣ ತಡೆದು, ನಮಃ ಶಿವಾಯ ಎಂದರು. ನಾನು ಮತ್ತೆ ಹೇಳಿದೆ. ಅವರು ಮತ್ತೆ ಮೊದಲನೆಯದನ್ನು ಬಿಟ್ಟು ಹೇಳಿದರು. ನಾಲ್ಕಾರು ಸಲ ಹೀಗೆ ನಡೆಯಿತು. ಎದೆ ಸ್ವಲ್ಪ ಹತೋಟಿಗೆ ಬಂತು. ಎದೆ ಹತೋಟಿಗೆ ಬಂದ ಕೂಡಲೇ ಸಿಟ್ಟೂ ಬಂತು.

"ಇಲ್ಲೂ ಬಿಡ್ಬೇಕೇನ್ರೀ? ಇಲ್ಲಿ ಯಾರಿದಾರೆ ಕೇಳೋಕೆ? ಆ ಮನುಷ್ಯ ನಮ್ ಮನೆ ಸೋಫಾ ಕೆಳಗೆ ಕೂತಿದಾರಾ?"

ಅವರು ನನ್ನ ಕೈ ಬಿಟ್ಟರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಹೇಳಿದರು.

"ಮೊದಲನೇ ಸಲ ಬಸುರಿ ಆಗಿದ್ದಾಗ ಸ್ನೇಹಿತೆ ಒಬ್ಬಳು ಭಜನೆಗೆ ಕರ್ಕೊಂಡು ಹೋಗಿದ್ಲು. ಎಲ್ಲರೂ ಒಟ್ಟಿಗೆ ಓಂ ಅಂದ್ರು. ನಾನೂ ಅಂದೆ. ಎಷ್ಟು ಚೆನ್ನಾಗಿತ್ತು ಗೊತ್ತಾ, ಮೈಯೆಲ್ಲ ಜುಮ್ ಅಂತು. ಮನೆಗೆ ಬಂದು ನಮ್ ಅತ್ತೆ ಹತ್ರ ಹೇಳ್ಕೊಂಡೆ ಬೇರೆ, ದಡ್ಡಿ ಹಾಗೆ. ಆ ತಿಂಗಳು ಕಳೆಯೋದ್ರೊಳಗೆ ಹೊಟ್ಟೇಲೇ ಹೋಯ್ತು. ತುಂಬಿದ ಮಗು. ಗಂಡು."

ನಾನು ಅವರ ಪಕ್ಕಕ್ಕೆ ಸರಿದು ಕೂತೆ.

"ಆಸ್ಪತ್ರೆಯಿಂದ ಬಂದ್ಮೇಲೆ ನಮ್ ಅತ್ತೆ ಒಂದೇ ಮಾತು ಅಂದ್ರು. ಹೇಳಿದ್ನಲ್ಲ, ಆ ಶಬ್ದ ಬಾಯಲ್ಲಿ ಬರಬಾರದು ಅಂತ. ಅಷ್ಟೇ, ಬೈಲಿಲ್ಲ. ಆಮೇಲೆ ಯಾವತ್ತೂ ಆ ವಿಷಯ ತೆಗೀಲಿಲ್ಲ. ನಾನೂ ಯಾವತ್ತೂ ಅದನ್ನ ಅಂದಿಲ್ಲ, ದೇವಸ್ಥಾನದಲ್ಲೂ ಅಂದಿಲ್ಲ. ಇದ್ದಿದ್ರೆ ಅವನಿಗೂ ಈಗ ತಲೆ ನರೀತಾ ಇತ್ತು."

ಆ ಚಿವುಟು ಏನೆಂದು ನನಗೆ ಆಗ ಅರ್ಥವಾಯಿತು. ನಾನು ಮಂಟಪದಲ್ಲಿ ನಗೆಯಾಡಿದ್ದ ಮಾತು ಇವರ ಪಾಲಿಗೆ ಏನಾಗಿತ್ತು ಎಂಬುದೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇವರಿಗೆ ಹಾಕಿದ ಬರೆ ಇಷ್ಟು ವರ್ಷವಾದರೂ ಮಾಯದೆ ಉಳಿದಿತ್ತು, ಅದನ್ನು ಮುಚ್ಚಿಕೊಂಡು ಇವರು ನನ್ನನ್ನು ಕೈಹಿಡಿದು ಧ್ಯಾನಕ್ಕೆ ಕರೆದುಕೊಂಡು ಹೋಗಿದ್ದರು.

"ನಮ್ಮಮ್ಮ ನಾನು ಹೊಟ್ಟೇಲಿದ್ದಾಗ ದಿನಾ ಓಂ ಅಂದ್ರು," ಎಂದೆ. "ಅಣ್ಣ ಇದ್ದಾಗ್ಲೂ ಅಂದ್ರು. ನಮ್ಮಜ್ಜಿ ಅಂದ್ರು, ಅವರಮ್ಮನೂ ಅಂದಿರ್ತಾರೆ. ನಾವೆಲ್ಲ ಹುಟ್ಟಲಿಲ್ವಾ? ನಾನು ಬಸ್ಸಲ್ಲಿ ಓಂ ಅನ್ಕೊಂಡೇ ಒಂಬತ್ತು ತಿಂಗಳೂ ಆಫೀಸಿಗೆ ಹೋಗಿದೀನಿ. ಮಗಳು ಚೆನ್ನಾಗಿಲ್ವಾ?"

"ನಿಮ್ಮವರಿಗೆ ನಡೆಯತ್ತೇನೋ," ಎಂದರು ಅವರು. ಕೊಂಕಿನಿಂದಲ್ಲ. ಎಷ್ಟೋ ವರ್ಷಗಳಿಂದ ಎಲ್ಲ ದಿಕ್ಕಿನಿಂದಲೂ ಯೋಚಿಸಿ, ಉಳಿದ ಒಂದೇ ಉತ್ತರವನ್ನು ಹೇಳಿದ ಹಾಗೆ ಹೇಳಿದರು.

"ಗರ್ಭಕೋಶಕ್ಕೆ ಜಾತಿ ಗೊತ್ತಾಗತ್ತೇನ್ರೀ?"

ಅವರು ನನ್ನನ್ನು ನೋಡಿದರು. ನಾನು ಜಗಳಕ್ಕೆಂದು ಆಡಿದ ಮಾತಲ್ಲ ಅದು, ಆದರೆ ನನ್ನ ದನಿ ಯಾವಾಗಲೂ ಜಗಳದ ದನಿಯೇ. ನಾನು ಎದ್ದು ಕಾಫಿ ಮಾಡಿಕೊಂಡು ಬಂದೆ. ಅವರು ಅರ್ಧ ಕುಡಿದು ಲೋಟ ಕೆಳಗಿಟ್ಟರು.

"ಹಾಗಾದ್ರೆ..." ಎಂದರು. ಮುಂದೆ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ಕೆಳಗೆ ಹೋದರು. ಆ ಮಾತಿನ ಉಳಿದ ಭಾಗ ಏನೆಂದು ನನಗೆ ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ಆದರೆ ಅದನ್ನು ನಾನು ಹೇಳಿದರೆ ಅವರಿಗೆ ಸಾಲದು ಎಂಬುದೂ ತಿಳಿಯುತ್ತಿತ್ತು. ನಾನು ಅವರ ಪಕ್ಷದವಳು, ಹೇಗಿದ್ದರೂ ಹಾಗೆಯೇ ಹೇಳುತ್ತೇನೆ.

ಮರುದಿನ ಬೆಳಗ್ಗೆ ಬೆಲ್ಲು ಹೊಡೆದರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕಂಕುಳಲ್ಲಿ ಸುತ್ತಿದ ಚಾಪೆ. "ಬನ್ನಿ, ಹೊರಡೋಣ," ಎಂದರು. ನಾನು ತಲೆ ಬಾಚಿಕೊಂಡು ಹೊರಟೆ. ದಾರಿಯಲ್ಲಿ ಸೊಪ್ಪಿನವಳು ಕರೆದು ದಂಟು ಬೇಕಾ ಎಂದಳು, ವಾಪಸು ಬರ್ತಾ ತಗೋತೀನಿ ಎಂದರು.

ಮಂಟಪದಲ್ಲಿ ಎಲ್ಲರೂ ಕೂತಾಗಿತ್ತು. ಎಂಜಿನಿಯರು ನನ್ನನ್ನು ನೋಡಿ ಸ್ಪೀಕರನ್ನು ಹತ್ತಿರ ಎಳೆದುಕೊಂಡರು. ನಾನು ನನ್ನ ಜಾಗದಲ್ಲಿ ಕೂತೆ. ಕೆಳಗಿನ ಮನೆಯಾಕೆ ಕೂರಲಿಲ್ಲ. ಚಾಪೆ ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತರು.

"ಸಾರ್, ಒಂದು ಮಾತು ಕೇಳ್ಬೇಕಿತ್ತು."

"ಕೇಳಿಮ್ಮಾ."

"ಹೆಂಗಸರು ಓಂ ಅಂದ್ರೆ ಗರ್ಭಕೋಶಕ್ಕೆ ತೊಂದ್ರೆ ಅಂದ್ರಲ್ಲ. ಅದು ನಿಜಾನಾ?"

ಅವರು ನನ್ನ ಕಡೆ ನೋಡಿದರು, ಇದು ನನ್ನ ಕಿತಾಪತಿ ಎಂಬ ಹಾಗೆ. "ಹಿರಿಯರು ಹೇಳಿರೋದಮ್ಮ. ಶಾಸ್ತ್ರ..."

"ಹಿರಿಯರು ಬೇಡ ಸಾರ್. ಅವರೆಲ್ಲ ಹೋದ್ರು, ಕೇಳೋಕಾಗಲ್ಲ. ನೀವು ಎದುರಿಗಿದೀರ, ನೀವು ಹೇಳಿ." ಅವರ ದನಿ ದೊಡ್ಡದಿರಲಿಲ್ಲ. ಆದರೂ ಮಂಟಪದಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. "ನಾನು ಬಸುರಿ ಆಗಿದ್ದಾಗ ಭಜನೇಲಿ ಓಂ ಅಂದೆ. ಮಗು ಹೋಯ್ತು. ನಿಮ್ ಮಾತು ನಿಜ ಆದ್ರೆ ಅದನ್ನ ನಾನೇ ಕೊಂದಿದ್ದು. ನಿಜಾನಾ, ಹೇಳಿ."

ಯಾರೂ ಕೆಮ್ಮಲಿಲ್ಲ. ಎಂಜಿನಿಯರು ಕೂತಲ್ಲಿಂದ ಎದ್ದು ನಿಂತರು.

"ಅಯ್ಯೋ, ಹಾಗೆಲ್ಲ ಅಂದ್ಕೋಬೇಡೀಮ್ಮಾ. ನಾನು ಆ ಅರ್ಥದಲ್ಲಿ ಹೇಳ್ಲಿಲ್ಲ."

"ಯಾವ ಅರ್ಥದಲ್ಲಿ ಹೇಳಿದ್ರಿ?"

"ಏನಿಲ್ಲ, ಅದೊಂದು ವಾಡಿಕೆ ಮಾತು. ಯಾರೋ ಹೇಳಿದ್ರು, ನಾನೂ ಹೇಳ್ದೆ. ಅದಕ್ಕೂ ಮಗುಗೂ ಏನು ಸಂಬಂಧ? ಏನೂ ಇಲ್ಲ."

"ಏನೂ ಇಲ್ವಾ?"

"ಇಲ್ಲಮ್ಮ. ಇಲ್ಲ."

ಆಕೆ ತಲೆಯಾಡಿಸಿದರು. "ವಾಡಿಕೆ ಮಾತು," ಎಂದರು. "ನಮ್ ಅತ್ತೇನೂ ವಾಡಿಕೆಗೇ ಅಂದಿದ್ರು ಅನ್ಸತ್ತೆ ಹಾಗಾದ್ರೆ. ನಾನು ನಿಜ ಅಂದ್ಕೊಂಡೆ."

ಬಂದು ಕೂತರು. ಹೆಂಗಸರ ಸಾಲಿನಲ್ಲಿದ್ದ ತಮ್ಮ ಎಂದಿನ ಜಾಗದಲ್ಲಲ್ಲ, ಎಲ್ಲರಿಗಿಂತ ಮುಂದೆ, ಎಂಜಿನಿಯರ ಎದುರಿಗೇ ಚಾಪೆ ಹಾಸಿದರು. ಆ ಮನುಷ್ಯ ಸ್ಪೀಕರಿನ ಕಡೆ ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡರು. ಕಣ್ಣು ಮುಚ್ಚಿ ಎಂದರು. ಲೇಡೀಸು, ಜೆಂಟ್ಸು ಎಂದು ಏನೂ ಹೇಳಲಿಲ್ಲ. ತಾವೇ ಮೆಲ್ಲಗೆ ಓಂ ಎಂದರು. ನಾನೂ ಎಂದೆ, ಇದ್ದ ಉಸಿರನ್ನೆಲ್ಲ ಹಾಕಿ. ನನ್ನ ಹಿಂದಿನಿಂದ ಇನ್ನೊಂದು ಹೆಣ್ಣುದನಿ ಅಳುಕುತ್ತಾ ಎದ್ದಿತು. ಯಾರದೆಂದು ತಿರುಗಿ ನೋಡಲಿಲ್ಲ.

ಕೆಳಗಿನ ಮನೆಯಾಕೆಯ ದನಿ ಮಾತ್ರ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ, ಮೂರನೆಯ ಸಲವೂ ಬರಲಿಲ್ಲ. ತಡೆಯಲಾರದೆ ನಾನು ಕಣ್ಣು ತೆರೆದು ನೋಡಿದೆ. ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಎದುರಿಗಿದ್ದ ಆ ಮನುಷ್ಯನನ್ನೇ ನೋಡುತ್ತಿದ್ದರು. ಎಂಜಿನಿಯರೂ ಒಮ್ಮೆ ರೆಪ್ಪೆ ಎತ್ತಿದರು, ಆಕೆಯ ಕಣ್ಣು ಕಂಡು ಕೂಡಲೇ ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ ತೆರೆದು ನೋಡಿದರು. ಆಗಲೂ ಆಕೆ ನೋಡುತ್ತಲೇ ಇದ್ದರು. ಆ ದಿನ ಧ್ಯಾನ ಮುಗಿಯುವವರೆಗೆ ಆಕೆ ಕಣ್ಣು ಮುಚ್ಚಲಿಲ್ಲ.